ಕಾರಿನ ಪಾಲಿನ ಸಿಹಿನೀರು

ನಮ್ಮ ಮನೆಯಲ್ಲಿ ಸಿಹಿನೀರನ್ನು ಮೊದಲು ಕುಡಿಯುತ್ತಿದ್ದುದು ಕಾರು. ಆಮೇಲೆ ನಾವು. ರಾಯಚೂರಿನ ನಮ್ಮ ಕೇರಿಯ ನಲ್ಲಿಗೆ ನದಿಯ ನೀರು ಬರುತ್ತಿದ್ದುದು ಯಾವಾಗಲೋ ಒಮ್ಮೆ. ಬಂದ ದಿನ ಅವ್ವ ಕೊಡಪಾನ, ಬಕೆಟ್ಟು, ಕೊನೆಗೆ ಹಿಟ್ಟು ನಾದುವ ಪರಾತವನ್ನೂ ಬಿಡದೆ ತುಂಬಿಡುತ್ತಿದ್ದಳು. ಉಳಿದ ದಿನಗಳಿಗೆಲ್ಲ ಬೋರಿನ ಸವಳು ನೀರೇ ಗತಿ. ಆ ನೀರಿನಲ್ಲಿ ಸಬಕಾರ ನೊರೆ ಬಿಡುತ್ತಿರಲಿಲ್ಲ, ಬೇಳೆ ಬೇಯುತ್ತಿರಲಿಲ್ಲ, ಸ್ನಾನ ಮಾಡಿ ಬಂದರೆ ಮೈಮೇಲೆ ಬಿಳಿ ಪುಡಿ ಉಳಿಯುತ್ತಿತ್ತು. ನೀರು ಕಾಯಿಸುವ ಹಂಡೆಯ ಒಳಗೆ ಸುಣ್ಣದಂಥ ದಪ್ಪ ಪದರು ಕಟ್ಟಿತ್ತು. ಅಂಥದೇ ಪದರು ರೇಡಿಯೇಟರಿನ ಸಣ್ಣ ನಳಿಕೆಗಳಲ್ಲಿ ಕಟ್ಟಿದರೆ ಎಂಜಿನ್ನು ಸತ್ತಂತೆಯೇ ಎಂದು ಅಪ್ಪ ಹೇಳುತ್ತಿದ್ದ. ಅದಕ್ಕಾಗಿ ದೇವರ ಗೂಡಿನ ಕೆಳಗೆ ಒಂದು ತಾಮ್ರದ ಕೊಡವನ್ನು ಬೇರೆಯಾಗಿಯೇ ಇಟ್ಟಿದ್ದ. ಅದು ಕಾರಿನ ಪಾಲಿನ ನೀರು. ನಮಗೆ ಗಂಟಲು ಒಣಗಿದರೂ ಅದನ್ನು ಮುಟ್ಟುವಂತಿರಲಿಲ್ಲ. ಬೆಳಿಗ್ಗೆ ಎದ್ದವನೇ ಅಪ್ಪ ಮುಖ ತೊಳೆಯುವ ಮೊದಲು ಬಾನೆಟ್ಟು ಎತ್ತಿ, ಕೆಂಪು ವಸ್ತ್ರದಿಂದ ರೇಡಿಯೇಟರಿನ ಮುಚ್ಚಳ ತಿರುವಿ, ಒಳಗೆ ಬೆರಳು ಅದ್ದಿ ನೋಡಿ, ಕಡಿಮೆಯಾದಷ್ಟು ನೀರು ಹೊಯ್ಯುತ್ತಿದ್ದ. ಆಮೇಲೆಯೇ ಅವನ ಚಹಾ. ಜ್ವರ ಬಂದಾಗಲೂ ಅಷ್ಟೇ. ಅವನ ತಾಯಿ, ನಮ್ಮ ಅಜ್ಜಿ, ತೀರಿಕೊಂಡ ಬೆಳಿಗ್ಗೆ ಹೆಣ ಪಡಸಾಲೆಯಲ್ಲಿರುವಾಗಲೇ ಎದ್ದು ಹೋಗಿ ಕಾರಿಗೆ ನೀರು ಹೊಯ್ದು ಬಂದಿದ್ದ. ಅದಕ್ಕೆ ಬೀಗರು ಬಿಜ್ಜರೆಲ್ಲ ಬಾಯಿಗೆ ಬಂದಂತೆ ಅಂದಿದ್ದರು.

ಅವ್ವನಿಗೂ ಈ ಪಕ್ಷಪಾತ ಸಹಿಸುತ್ತಿರಲಿಲ್ಲ.

"ಮಕ್ಕಳು ಸವಳು ಕುಡೀಲಿ, ನಿಮ್ಮ ಕಾರು ಸೀನೀರು ಕುಡೀಲಿ. ಭಾಳ ಛಲೋ ನ್ಯಾಯರಿ ನಿಮ್ದು."

"ಮಕ್ಕಳು ಕುದಿಯಂಗಿಲ್ಲ. ಅದು ಕುದೀತದ."

"ನಾ ದಿನಾ ಕುದಿಯಾಕತ್ತೀನಿ. ನನ್ನ ತಲಿಮ್ಯಾಲೂ ಒಂದು ಕೊಡ ಹಾಕ್ರಿ."

ಕಾರು ಅಂಬಾಸಿಡರ್. ಬಿಳಿ ಬಣ್ಣ, ಆದರೆ ನಾನು ಕಣ್ಣು ಬಿಟ್ಟಾಗಿನಿಂದ ಅದು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಅಪ್ಪ ಶಕ್ತಿನಗರದಲ್ಲಿ ಒಬ್ಬ ಗುತ್ತಿಗೆದಾರನ ಬಳಿ ಡ್ರೈವರ್ ಆಗಿದ್ದವನು. ಆ ಸಾಹುಕಾರ ಹೊಸ ಜೀಪು ತಂದಾಗ ಹಳೆಯದು ಅಪ್ಪನ ಪಾಲಿಗೆ ಬಂತು. ನಮ್ಮ ಕೇರಿಗೆ ಬಂದ ಮೊದಲ ಕಾರು ಅದು. ಮನೆ ಎಂದರೆ ಎರಡು ಕೋಣೆ. ಮುಂದಿನ ಪಡಸಾಲೆಯಲ್ಲಿ ದೇವರ ಗೂಡು, ಅದರ ಎದುರಿನ ಗೋಡೆಗೆ ನೀಲಿ ಕೋಟಿನ ಫೋಟೊ. ಹಿಂದಿನ ಕೋಣೆಯಲ್ಲಿ ಒಲೆ, ಅಕ್ಕಿ ಜೋಳದ ಡಬ್ಬಿಗಳು, ಅಕ್ಕ ಮತ್ತು ನಾನು ಮಲಗುವ ಜಾಗ. ಫರಸಿ ಕಲ್ಲು ಹಾಸಿದ ಅಂಗಳ ಕಾರಿನಷ್ಟೇ ಇತ್ತು. ಕಾರು ನಿಂತರೆ ನಾವು ಅಡ್ಡಡ್ಡ ನಡೆದು ಒಳಗೆ ಹೋಗಬೇಕು. ದಿನವೂ ಅಪ್ಪ ಸ್ಟ್ಯಾಂಡಿನಿಂದ ಮಾನ್ವಿಗೋ ಸಿರವಾರಕ್ಕೋ ಮಂದಿಯನ್ನು ತುಂಬಿಕೊಂಡು ಹೋಗಿ ಬರುತ್ತಿದ್ದ. ಆದರೆ ಕೇರಿಯಲ್ಲಿ ಅದಕ್ಕೆ ಇದ್ದ ಹೆಸರು ಬೇರೆ: ಹೆರಿಗಿ ಕಾರು. ಯಾರ ಮನೆಯಲ್ಲಿ ಬ್ಯಾನಿ ಎದ್ದರೂ ಅಪ್ಪನನ್ನು ಕರೆಯುತ್ತಿದ್ದರು. ಹಿಂದಿನ ಸೀಟಿಗೆ ಹಾಸಲೆಂದೇ ಅವ್ವ ಒಂದು ಕೌದಿ ಹೊಲಿದಿಟ್ಟಿದ್ದಳು. ಪ್ರತಿ ಸಲ ಅದನ್ನು ಒಗೆಯುವಾಗ ಮೂಗು ಮುರಿಯುತ್ತಿದ್ದಳು, ಆದರೆ ಆ ಕೌದಿ ಒಣಗಲು ಹಾಕುತ್ತಿದ್ದುದು ಮಾತ್ರ ಎಲ್ಲರಿಗೂ ಕಾಣುವಂತೆ ಬೀದಿಯ ಕಡೆಗೆ. "ನನ್ನ ಗಾಡ್ಯಾಗ ಕೂಸು ಹುಟ್ಯಾವ, ಒಂದೂ ಸತ್ತಿಲ್ಲ" ಎಂದು ಅಪ್ಪ ಅಂದರೆ ಅದು ಜಂಬದ ಮಾತಾಗಿರಲಿಲ್ಲ. ಹೇಳಿಕೊಳ್ಳಲು ಅವನ ಹತ್ತಿರ ಇದ್ದದ್ದು ಅದೊಂದೇ.

ಅಕ್ಕ ರೇಣುಕಾಳನ್ನು ದೇವದುರ್ಗಕ್ಕೆ ಕೊಟ್ಟಿತ್ತು. ಭಾವ ಗೌಂಡಿ ಕೆಲಸದವನು, ಮಾತು ಕಡಿಮೆ. ಆ ಮನೆಯಲ್ಲಿ ಮಾತೆಲ್ಲ ಅವನ ತಾಯಿ ದೇವಮ್ಮನದು. ಚೊಚ್ಚಲ ಹೆರಿಗೆ ತವರಿನಲ್ಲಿ. ಗಂಡನ ಮನೆಯಲ್ಲಿ ಕುಬಸದ ಶಾಸ್ತ್ರ ಮಾಡಿ, ಉಡಿ ತುಂಬಿ ಬಸುರಿಯನ್ನು ಕರೆತರಬೇಕು. ನಾನಾ ಕಾರಣಕ್ಕೆ ತಡವಾಗುತ್ತ ಹೋಗಿ ಒಂಬತ್ತನೆಯ ತಿಂಗಳಲ್ಲಿ ಕುಬಸ ಗೊತ್ತಾಯಿತು. ಬೇಸಿಗೆ ಸುಡುತ್ತಿತ್ತು. ಕಾರಿನ ರೇಡಿಯೇಟರು ಆಗಲೇ ಹಳೆಯದಾಗಿ, ಕೆಳಗಿನ ಮೂಲೆಯಲ್ಲಿ ಒಂದೊಂದೇ ಹನಿ ಜಿನುಗುತ್ತಿತ್ತು. ಕುಬಸ ಮುಗಿಯಲಿ, ಬದಲಿಸೋಣ ಎಂದು ಅಪ್ಪ ಮುಂದೂಡಿದ್ದ. ಆಗ ನಾನು ಏಳನೆಯ ಇಯತ್ತೆ. ಅಪ್ಪ, ಅವ್ವ, ನಾನು ಬೆಳಿಗ್ಗೆಯೇ ಹೊರಟೆವು. ಹೊರಡುವ ಮೊದಲು ಅಪ್ಪ ಎಂದಿನಂತೆ ಬಾನೆಟ್ಟು ಎತ್ತಿ, ಬೆರಳು ಅದ್ದಿ, ತಾಮ್ರದ ಕೊಡದಿಂದ ನೀರು ಹೊಯ್ದ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೊಡ ಹಿಡಿದುಕೊಂಡು ನಿಂತಿದ್ದವಳೇ ನಾನು.

ಕುಬಸ ಚೆನ್ನಾಗಿಯೇ ಆಯಿತು. ಅಕ್ಕ ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಬಳೆ ಇಟ್ಟುಕೊಂಡು ಕುಳಿತಿದ್ದಳು. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅವಳ ಕೆನ್ನೆಗೆ, ಕೈಗೆ ಅರಿಶಿಣ ಹಚ್ಚಿದರು. ಕುಬಸದ ತಾಟಿನಲ್ಲಿ ಉಳಿದ ಅರಿಶಿಣವನ್ನು ನಮ್ಮಲ್ಲಿ ಚೆಲ್ಲುವಂತಿಲ್ಲ, ಅಡುಗೆಗೂ ಹಾಕುವಂತಿಲ್ಲ. ಅದು ಬಸುರಿಯ ಜೊತೆ ತವರಿಗೆ ಹೋಗಬೇಕು. ಹುಟ್ಟಿದ ಕೂಸಿಗೆ ಮೊದಲ ಸಲ ನೀರು ಹಾಕುವ ಎರೆತಕ್ಕೆ ಅದೇ ಅರಿಶಿಣ. ದೇವಮ್ಮ ಮನೆಯಲ್ಲೇ ಕುಟ್ಟಿದ ಆ ಒರಟು ಪುಡಿಯನ್ನು ದೊಡ್ಡ ಬಟ್ಟಲಿಗೆ ತುಂಬಿ ಅವ್ವನ ಕೈಗೆ ಕೊಟ್ಟಳು. ಹಾಗೆ ಕೊಟ್ಟು ಹೊರಗೆ ಬಂದವಳ ಕಣ್ಣಿಗೆ ಕಾರಿನ ಕೆಳಗಿನ ಒದ್ದೆ ನೆಲ ಬಿತ್ತು.

"ಏನ್ರಿ ಬೀಗರ, ನಿಮ್ಮ ಕಾರಿಗೂ ದಿನ ತುಂಬ್ಯಾವೇನ್ರಿ? ನೀರು ಒಡದದ ನೋಡ್ರಿ!"

ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಅಪ್ಪನೂ ನಕ್ಕ. ಅವ್ವ ನಗಲಿಲ್ಲ. ಮಗಳನ್ನು ಕರೆದೊಯ್ಯಲು ಸೋರುವ ಗಾಡಿ ತಂದರು ಎಂಬ ಮಾತು ಅವಳ ಮುಖದ ಮೇಲೆ ಹೊಡೆದಂತಾಗಿತ್ತು. ಅಪ್ಪ ಅಡುಗೆ ಮನೆಯಿಂದ ಒಂದು ಚಿಟಿಕೆ ಅರಿಶಿಣ ಕೇಳಿ ತರಿಸಿ ರೇಡಿಯೇಟರಿಗೆ ಹಾಕಿದ. ಆಗಿನ ಡ್ರೈವರುಗಳಿಗೆಲ್ಲ ಗೊತ್ತಿದ್ದ ಉಪಾಯ ಅದು. ಪುಡಿ ನೀರಿನ ಜೊತೆ ತೂತಿನ ಕಡೆಗೆ ಸರಿದು, ಬಿಸಿಗೆ ಉಬ್ಬಿ, ಅಲ್ಲಿಯೇ ಕಚ್ಚಿಕೊಂಡು ಸೋರಿಕೆ ನಿಲ್ಲಿಸುತ್ತದೆ. ಮನೆ ಮುಟ್ಟುವಷ್ಟು ಹೊತ್ತು ನಿಂತರೆ ಸಾಕು. ಮುಚ್ಚಳ ಬಿಗಿದು ಅಪ್ಪ ಊಟಕ್ಕೆ ಕುಳಿತ.

ದೇವದುರ್ಗ ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ಅಪ್ಪ ಗಾಡಿ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ ಬಂದ. ನಾನು ಮುಂದೆ ಕುಳಿತಿದ್ದೆ. ಹಿಂದೆ ಅವ್ವ, ಅವಳ ತೊಡೆಗೆ ಆತುಕೊಂಡು ಅಕ್ಕ.

"ನಿಂತದ. ಒಂದು ಹನಿ ಇಲ್ಲ," ಅಂದ ಅಪ್ಪ.

"ನಿಲ್ಲದೇನ್ರಿ?" ಅಂದಳು ಅವ್ವ. ಬೆಳಗಿನಿಂದ ಮೊದಲ ಬಾರಿ ಅವಳ ದನಿಯಲ್ಲಿ ನಗುವಿತ್ತು. "ನೀವು ಚಿಟಿಕಿ ಹಾಕಿ ಊಟಕ್ಕ ಕುಂತ್ರಿ. ನಾ ಹಿಂದಾಗಡಿ ಹೋಗಿ ಕುಬಸದ್ದು ಹಾಕೀನಿ."

"ಎಷ್ಟು ಹಾಕಿದಿ?"

"ಕೂಸಿನ ಎರೆತಕ್ಕ ಒಂದೀಟು ಇಟ್ಕೊಂಡು ಉಳಿದಿದ್ದೆಲ್ಲ ಹಾಕಿದೆ. ಅಷ್ಟು ಮಂದಿ ಮುತ್ತೈದೇರು ಮುಟ್ಟಿದ ಅರಿಶಿಣರಿ ಅದು. ನನ್ನ ಮಗಳು ಕುಂತ ಗಾಡಿನ ಕಾಯಬೇಕದು."

ಅಪ್ಪ ಬಾಗಿಲು ಎಳೆದುಕೊಂಡ. ಗಾಡಿ ಎಬ್ಬಿಸಿದ. ಅಲ್ಲಿಂದ ಮುಂದೆ ಅವನು ರಸ್ತೆಗಿಂತ ಹೆಚ್ಚಾಗಿ ಬಿಸಿ ತೋರಿಸುವ ಸೂಜಿಯನ್ನೇ ನೋಡುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸೂಜಿ ಏರುತ್ತಿತ್ತು. ಗಬ್ಬೂರು ಇನ್ನೂ ಬಂದಿರಲಿಲ್ಲ, ಅಕ್ಕ ಮೊದಲ ಸಲ ನರಳಿದಳು.

"ಯವ್ವಾ, ನಡ ಹಿಡದದ ಬೇ."

"ಕುಂತು ಕುಂತು ಹಿಡದಿರತದ. ತಡಿ ನನ್ನವ್ವ."

ಗಬ್ಬೂರು ದಾಟಿದ ಮೇಲೆ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಅಪ್ಪ ಬದಿಗೆ ನಿಲ್ಲಿಸಿದ. ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ, ಆರುವವರೆಗೆ ಕಾಯಲೇಬೇಕು. ಒಂದು ಗಿಡದ ನೆರಳೂ ಇರಲಿಲ್ಲ. ಆರಿದ ಮೇಲೆ ಡಬ್ಬಿಯಲ್ಲಿದ್ದ ನೀರು ಹೊಯ್ದು ಎಬ್ಬಿಸಿದರೆ ಗಾಡಿ ನಾಲ್ಕು ಹೆಜ್ಜೆ ಹೋದಂತೆ ಮಾಡಿ ಮತ್ತೆ ಕುದಿಯಿತು. ಅಪ್ಪ ಹೊಲದ ಬದಿಯ ಒಂದು ಮನೆಗೆ ಓಡಿದ. ಅವರು ಊರು, ಕೇರಿ ಎಲ್ಲ ಕೇಳಿದರು. ಕೊಡ ಕೊಡಲಿಲ್ಲ, ಅಪ್ಪ ಡಬ್ಬಿ ಹಿಡಿದು ಬಗ್ಗಿ ನಿಂತ, ಅವರು ಮೇಲಿನಿಂದ ಹೊಯ್ದರು. ಅರ್ಧ ನೀರು ನೆಲಕ್ಕೆ ಬಿತ್ತು. ಅದನ್ನು ಹೊಯ್ದರೂ ಅಷ್ಟೇ. ನೀರು ರೇಡಿಯೇಟರಿನ ಬಾಯಿಯವರೆಗೆ ನಿಲ್ಲುತ್ತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ. ಅಪ್ಪ ಕೈ ಚಾಚಿ ರೇಡಿಯೇಟರನ್ನು ಮುಟ್ಟಿ ನೋಡಿದ. ಮೇಲೆ ಬೆಂಕಿ, ಕೆಳಗೆ ತಣ್ಣಗೆ. ಕೈ ಹಿಂದಕ್ಕೆ ತೆಗೆದು, ಒಂದು ಗಳಿಗೆ ಅವ್ವನ ಕಡೆ ನೋಡಿ, ರಸ್ತೆಗೆ ಹೋದ. ಒಂದು ಬಸ್ಸು ತುಂಬಿಕೊಂಡು ಬಂತು, ನಿಲ್ಲಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಬಳೆಗಳು ಒಡೆದು ನನ್ನ ಮುಂಗೈಗೆ ಚುಚ್ಚುತ್ತಿದ್ದವು. ಕೌದಿ ಒದ್ದೆಯಾಗಿತ್ತು. ಕೊನೆಗೆ ಅಪ್ಪ ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತು ಮೆಣಸಿನಕಾಯಿ ಚೀಲದ ಒಂದು ಟೆಂಪೊ ತಡೆದ. ಅಕ್ಕನನ್ನು ಆ ಚೀಲಗಳ ಮೇಲೆಯೇ ಮಲಗಿಸಿದೆವು. ಘಾಟಿಗೆ ಎಲ್ಲರೂ ಸೀನುತ್ತ ಕೆಮ್ಮುತ್ತ, ಅಕ್ಕ ಕೆಮ್ಮಿಗೊಮ್ಮೆ ಚೀರುತ್ತ, ರಾಯಚೂರಿನ ಆಸ್ಪತ್ರೆ ಮುಟ್ಟಿದೆವು.

ಹೆಣ್ಣು ಕೂಸು. ಅಳಲಿಲ್ಲ. ಮುಖ ನೀಲಿಯಾಗಿತ್ತು. "ಸ್ವಲ್ಪ ಮೊದಲ ಬಂದಿದ್ರ ಏನರ ಮಾಡಬಹುದಿತ್ತವ್ವಾ" ಎಂದು ನರ್ಸಮ್ಮ ಅವ್ವನ ಭುಜದ ಮೇಲೆ ಕೈಯಿಟ್ಟು ಹೇಳಿದಳು. ಬೈದು ಹೇಳಿದ್ದರೆ ಸಹಿಸಬಹುದಿತ್ತು. ಅವ್ವ ಟೆಂಪೊದಲ್ಲಿಯೂ ಬಿಡದೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಬಟ್ಟಲನ್ನು ಬಿಚ್ಚಿದಳು. ಆಸ್ಪತ್ರೆಯ ಹಿಂದಿನ ನಲ್ಲಿಯ ಕಟ್ಟೆಯ ಮೇಲೆ ಕುಳಿತು, ಉಳಿಸಿಕೊಂಡಿದ್ದ ಆ ಒಂದೀಟು ಅರಿಶಿಣ ಹಚ್ಚಿ ಕೂಸಿಗೆ ಎರೆದಳು. ಆಮೇಲೆ ಅಪ್ಪ ಅದನ್ನು ಒಯ್ದ.

ಕಾರನ್ನು ಯಾರದೋ ಟ್ರ್ಯಾಕ್ಟರು ಎಳೆದು ತಂದು ಅಂಗಳದಲ್ಲಿ ಬಿಟ್ಟಿತು. ಅಕ್ಕನನ್ನು ಮನೆಗೆ ಕಳಿಸುವ ದಿನ ಅವ್ವ ಆಸ್ಪತ್ರೆಯಲ್ಲೇ ಇದ್ದಳು. ಅಪ್ಪ ಹಿಂದಿನ ಸಂಜೆಯೇ ಗುಜರಿಯಿಂದ ಇನ್ನೊಂದು ಅಂಬಾಸಿಡರಿನ ರೇಡಿಯೇಟರು ತಂದು, ಕಾಯಿಸಿ ಬೆಸೆಯಿಸಿ ಇಟ್ಟಿದ್ದ. "ಹುಡುಗಿ ಆಟೋದಾಗ ಬರೋದು ಬ್ಯಾಡ, ನಮ್ಮ ಗಾಡ್ಯಾಗನ ಬರಬೇಕು" ಎಂದು ಬೆಳಿಗ್ಗೆ ಎದ್ದವನೇ ಪಾನಾ ಹಿಡಿದು ಕುಳಿತ. ಸ್ಟ್ಯಾಂಡಿನ ಬಾಜೂಕೇ ಪರಿಚಯದ ಮಿಸ್ತ್ರಿ ಇದ್ದರೂ ಗಾಡಿಯನ್ನು ಅಲ್ಲಿಗೆ ಎಳೆಸಲಿಲ್ಲ. ಅವಸರಕ್ಕೆ ಹಾಗೆ ಮಾಡುತ್ತಿದ್ದಾನೆ ಅಂದುಕೊಂಡಿದ್ದೆ. ಒಳಗಿನಿಂದ ಏನು ಹೊರಬೀಳುತ್ತದೆ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು. ಬೀದಿಯ ಬಾಗಿಲಿಗೆ ಚಿಲಕ ಹಾಕಿಸಿದ.

ಕೆಳಗಿನ ನಲ್ಲಿ ತಿರುವಿದರೆ ನೀರು ಬರಲಿಲ್ಲ. ತಂತಿ ಹಾಕಿ ಚುಚ್ಚಿದಾಗ ಎರಡು ಹನಿ ಬಿದ್ದು ನಿಂತಿತು. ಮೇಲಿನ ರಬ್ಬರ್ ಪೈಪಿನ ಪಟ್ಟಿ ಸಡಿಲಿಸಿ ಪೈಪು ಕಿತ್ತ. ಕೆಳಗಿನ ಪೈಪಿನ ಪಟ್ಟಿಗೆ ಅವನ ಕೈ ಹೋಗಲಿಲ್ಲ, ನನ್ನ ಕೈ ಹೋಯಿತು. ಫ್ಯಾನಿನ ರೆಕ್ಕೆ ತಾಗಿ ಜಾಳಿಗೆ ಹರಿಯದಂತೆ ನಡುವೆ ನನ್ನ ಹಳೆಯ ರಟ್ಟಿನ ಪ್ಯಾಡು ಇಳಿಬಿಟ್ಟ. ಎರಡೂ ಬದಿಯ ಬೋಲ್ಟು ಬಿಚ್ಚಿ ರೇಡಿಯೇಟರನ್ನು ಮೇಲಕ್ಕೆತ್ತಿದೆವು. ಖಾಲಿ ರೇಡಿಯೇಟರನ್ನು ಅಪ್ಪ ಒಂದೇ ಕೈಯಲ್ಲಿ ಎತ್ತುವುದನ್ನು ನಾನು ನೋಡಿದ್ದೆ. ಇದು ಇಬ್ಬರಿಗೂ ಭಾರವಾಯಿತು. ಫರಸಿಯ ಮೇಲೆ ಬೋರಲು ಹಾಕಿದಾಗ ಒಳಗಿನಿಂದ ಪಿಟ್ಲದಂಥ ಹಳದಿ ರಾಡಿ ಉಂಡೆ ಉಂಡೆಯಾಗಿ ಬಿತ್ತು. ಬಿಸಿಲಿಗೆ ಅದರ ವಾಸನೆ ಎದ್ದಿತು. ಕುಬಸದ ಮನೆಯ ವಾಸನೆ.

"ಅರಿಶಿಣ," ಅಂದೆ.

"ಹೂಂ."

"ಅವ್ವ ಹಾಕಿದ್ದು."

"ಚಿಟಿಕಿ ಹಾಕಿ ತೋರಿಸಿದಾವ ನಾನು. ಹಳೇದು ಇಟ್ಕೊಂಡು ಬಸುರಿನ ತರಾಕ ಹೋದಾವ ನಾನು." ಅಪ್ಪ ನನ್ನ ಕಡೆ ನೋಡಲಿಲ್ಲ. ನಳಿಕೆಗಳನ್ನೇ ಕಟ್ಟಿ ಕೂತಿದ್ದ ಅರಿಶಿಣವನ್ನು ತಂತಿಯಿಂದ ಇನ್ನಷ್ಟು ಕೆದರಿದ. "ನೀ ಇದನ್ನ ನೋಡಿಲ್ಲ. ತಿಳೀತೇನು ಪದ್ದಿ?"

"ನೋಡೀನಲ್ಲ ಯಪ್ಪಾ. ಶಾಲ್ಯಾಗ ಖರೇನ ಹೇಳಬೇಕಂತ ಹೇಳ್ಯಾರ."

"ಶಾಲಿ ಮಾತು ಶಾಲ್ಯಾಗಿರ್ಲಿ. ಇದು ಗೊತ್ತಾತಂದ್ರ ನಿಮ್ಮವ್ವ ಬಾವಿ ನೋಡತಾಳ. ಮಗಳ ಕೂಸು ಹೋಗೇದ, ಅವ್ವನೂ ಬ್ಯಾಡೇನು ನಿನಗ?"

ರಾಡಿಯನ್ನು ಬಾಚಿ ಗಟಾರಕ್ಕೆ ಹಾಕಿದೆ. ಸವಳು ನೀರು ಹೊಯ್ದು ಕಸಬರಿಗೆಯಿಂದ ಉಜ್ಜಿದೆ. ಫರಸಿಗೆ ಹಿಡಿದ ಹಳದಿ ಹೋಗಲಿಲ್ಲ, ಉಜ್ಜಿದಷ್ಟೂ ಹರಡಿತು. ಅಪ್ಪ ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ಎಂಜಿನ್ನಿನ ಸುಟ್ಟ ಆಯಿಲಿನ ಡಬ್ಬಿ ತಂದು, ಹಳದಿ ಕಾಣುವ ಕಡೆಯೆಲ್ಲ ಕಪ್ಪು ಆಯಿಲು ಹೊಯ್ದ. ಮನೆಯ ಅಂಗಳಕ್ಕೆ ಒಂದು ಹನಿ ಆಯಿಲು ಬಿದ್ದರೆ ತಾನೇ ಬಗ್ಗಿ ಒರೆಸುತ್ತಿದ್ದ ಮನುಷ್ಯ. ಆಮೇಲೆ ಹಳೆಯ ರೇಡಿಯೇಟರನ್ನು ಗೋಣಿಚೀಲದಲ್ಲಿ ಸುತ್ತಿ ಡಿಕ್ಕಿಗೆ ಹಾಕಿದ. ಹೊಸದನ್ನು ಇಳಿಸಿದೆವು. ಬೋಲ್ಟು ಬಿಗಿದೆವು. ರಬ್ಬರ್ ಪೈಪು ಬಿರುಸಾಗಿತ್ತು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಬಾಯಿಗೆ ಸಬಕಾರ ಹಚ್ಚಿ ತೂರಿಸಿದೆವು. ಎಂಜಿನ್ನು ಎಬ್ಬಿಸಿ, ಮುಚ್ಚಳ ತೆಗೆದಿಟ್ಟು, ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತಿದ್ದಂತೆ ಅಪ್ಪ ತಾಮ್ರದ ಕೊಡದಿಂದ ಸಣ್ಣ ಧಾರೆಯಲ್ಲಿ ಸಿಹಿನೀರು ಹೊಯ್ಯುತ್ತಿದ್ದ. ಅಷ್ಟರಲ್ಲಿ ಬೀದಿಯಲ್ಲಿ ಆಟೋ ನಿಂತ ಸದ್ದಾಯಿತು. ನಾನು ಚಿಲಕ ತೆಗೆದೆ.

ಅವ್ವ ಅಕ್ಕನನ್ನು ಹಿಡಿದುಕೊಂಡು ಇಳಿದಳು. ಅವರ ಹಿಂದೆ ದೇವಮ್ಮ, ಭಾವ. ಅಪ್ಪ ಬರುವವರೆಗೆ ಕಾಯೋಣ ಅಂದರೆ ಅಕ್ಕ ಒಪ್ಪಿರಲಿಲ್ಲವಂತೆ. ಆ ಕಾರು ಹತ್ತುವುದಿಲ್ಲ ಅಂದಿದ್ದಳು. ಅಕ್ಕ ಕಾರಿನ ಕಡೆ ಕಣ್ಣೆತ್ತದೆ ಅಡ್ಡಡ್ಡ ನಡೆದು ಒಳಗೆ ಹೋಗಿ ಮಲಗಿದಳು. ದೇವಮ್ಮ ಅಂಗಳದಲ್ಲೇ ನಿಂತಳು. ಅಕ್ಕಪಕ್ಕದವರು ಬಾಗಿಲಿಗೆ ಬಂದಿದ್ದರು.

"ನಾ ಕುಂದ್ರಾಕ ಬಂದಿಲ್ರಿ ಬೀಗರ. ಒಂದು ಮಾತು ಕೇಳಾಕ ಬಂದೀನಿ. ಊರಾಗ ಮಂದಿ ಸೊಸಿ ಕಾಲ್ಗುಣ ಅನ್ನಾಕತ್ಯಾರ. ಬಂದ ವರ್ಷನ ಮಾವನ್ನ ತಿಂದ್ಲು, ಈಗ ಹೊಟ್ಟ್ಯಾಗಿಂದನೂ ತಿಂದ್ಲು ಅಂತಾರ. ಗಾಡಿ ಛಲೋನ ಇತ್ತು, ಆಕಿ ಕುಂತಿದ್ದಕ್ಕನ ನಿಂತು ಅಂದ್ರ, ಆಕಿನ್ನ ಇಲ್ಲೇ ಇಟ್ಕೋರಿ. ನೀವು ಖರೇ ಹೇಳ್ರಿ. ಗಾಡಿಗೆ ಏನಾಗಿತ್ತು?"

ಅವ್ವ ಮುಂದೆ ಬಂದಳು. "ಗಾಡಿಗೆ ಏನೂ ಆಗಿದ್ದಿಲ್ಲ ಯವ್ವಾ. ಸೋರೋದೂ ನಿಂತಿತ್ತು. ನಾನ ಅರಿಶಿಣ..."

"ನೀರಿದ್ದಿಲ್ಲ," ಅಂದ ಅಪ್ಪ.

ಎಂಜಿನ್ನು ನಡೆಯುತ್ತಲೇ ಇತ್ತು. ಅಪ್ಪ ಕಿಟಕಿಯಿಂದ ಕೈ ಹಾಕಿ ಅದನ್ನು ಬಂದ್ ಮಾಡಿದ. ಕೊಡ ಅವನ ಇನ್ನೊಂದು ಕೈಯಲ್ಲಿತ್ತು.

"ಗಾಡ್ಯಾಗ ನೀರಿದ್ದಿಲ್ಲ. ಅವತ್ತು ಬೆಳಿಗ್ಗಿ ಗಡಿಬಿಡ್ಯಾಗ ನೀರು ಹಾಕೋದು ಮರ್ತೆ. ಒಳಗ ಇದ್ದೊಂದೀಟು ನಿಮ್ಮ ಬಾಗಲ ಮುಂದ ಸೋರಿ ಹೋತು. ಎಂಜಿನ್ನು ಸುಟ್ಟ ಮ್ಯಾಲ ದಾರ್ಯಾಗ ಹಾಕಿದ್ರ ಏನು ಉಪಯೋಗ? ತಪ್ಪು ನಂದು. ಹುಡುಗೀದು ಏನಿಲ್ಲ."

ಭಾವ ನೆಲ ನೋಡುತ್ತ ನಿಂತ. "ಹಂಗಾರ ನಮ್ಮ ಕೂಸಿನ ಕೊಂದಾವ ನೀನ ಅನ್ನು" ಅಂದಳು ದೇವಮ್ಮ. ಹಾಗೆ ಅಂದರೂ ಅವಳ ಮುಖದಲ್ಲಿ ಏನೋ ಇಳಿದು ಹಗುರಾದಂತೆ ನನಗೆ ಕಂಡಿತು. ಮನೆಯ ಸೊಸೆಯನ್ನು ಬಿಡುವುದು ಅವಳಿಗೂ ಬೇಕಿರಲಿಲ್ಲವೋ ಏನೋ. ಅವ್ವ ಮಾತ್ರ ಅಪ್ಪನ ಕೈಯ ಕೊಡವನ್ನೇ ನೋಡುತ್ತಿದ್ದಳು.

"ಮರ್ತ್ರೀ?"

ಅಪ್ಪ ಹೌದೆಂದು ತಲೆಯಾಡಿಸಿದ.

"ನಿನ್ನವ್ವ ಸತ್ತ ದಿನಾನೂ ಮರೀಲಿಲ್ಲ. ನನ್ನ ಮಗಳ ದಿನಾನ ಮರ್ತೇನು?"

ಅವ್ವ ಅಪ್ಪನಿಗೆ ಏಕವಚನ ಆಡಿದ್ದು ಅದೇ ಮೊದಲು. ಆಮೇಲೆ ಅವನು ಸಾಯುವವರೆಗೂ ಬಹುವಚನ ಮರಳಿ ಬರಲಿಲ್ಲ.

ಬಿಸಿಲು ಇಳಿದ ಮೇಲೆ, ಮಳೆಗಾಲದ ಹೊತ್ತಿಗೆ, ಭಾವ ಬಂದು ಅಕ್ಕನನ್ನು ಕರೆದುಕೊಂಡು ಹೋದ. ಈಗ ಅವಳಿಗೆ ಇಬ್ಬರು ಗಂಡುಮಕ್ಕಳು. ಅಪ್ಪನ ಸುಳ್ಳು ಅವಳ ಮನೆಯನ್ನು ಉಳಿಸಿತು. ಅವನದನ್ನು ಉಳಿಸಲಿಲ್ಲ. ಮಾತು ಸ್ಟ್ಯಾಂಡಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ನೀರು ನೋಡದ ಡ್ರೈವರ್ ಎಂದರೆ ಆ ಮಂದಿಯಲ್ಲಿ ಅದಕ್ಕಿಂತ ಕೆಟ್ಟ ಹೆಸರಿಲ್ಲ. ಅಪ್ಪ ಗಾಡಿ ತಂದು ನಿಲ್ಲಿಸಿದರೆ ಸಾಕು, "ಯಣ್ಣಾ, ನೀರು ಹಾಕಿದೇನು?" ಎಂದು ಆ ತುದಿಯಿಂದ ಒಬ್ಬ ಕೂಗುತ್ತಿದ್ದ, ಉಳಿದವರು ನಗುತ್ತಿದ್ದರು. ಕೇರಿಯ ಹೆಂಗಸರು ಹೆರಿಗೆಗೆ ಅಪ್ಪನನ್ನು ಕರೆಯುವುದನ್ನು ಬಿಟ್ಟರು. ಅವ್ವ ಆ ಕೌದಿಯನ್ನು ಬಿಚ್ಚಿ ಒಲೆಯ ಬಟ್ಟೆ ಮಾಡಿದಳು. ಕೊನೆಗೆ ಅಪ್ಪ ಕಾರಿಗೆ ತಾಡಪತ್ರಿ ಹೊದಿಸಿ, ಶಕ್ತಿನಗರದ ಕಡೆ ಮತ್ತೊಬ್ಬನ ಲಾರಿ ಹತ್ತಿದ. ನಿಂತ ಗಾಡಿಗೂ ಬೆಳಿಗ್ಗೆ ಎದ್ದು ನೀರು ನೋಡುವುದನ್ನು ಬಿಡಲಿಲ್ಲ. ಈಗ ಸಿಹಿನೀರಿಗಾಗಿ ಅವ್ವ ಜಗಳ ತೆಗೆಯುತ್ತಿರಲಿಲ್ಲ. ತಾನೇ ತಾಮ್ರದ ಕೊಡ ತುಂಬಿ ತಂದು, ಮಲಗಿದ ಅವನ ಕಾಲ ಬಳಿ ಸದ್ದಾಗುವಂತೆ ಕುಕ್ಕುತ್ತಿದ್ದಳು.

"ಏಳು. ಮರ್ತೀ ಮತ್ತ."

ಬೆಳಗಾದರೆ ನಮ್ಮ ಮನೆಯಲ್ಲಿ ಕೇಳುತ್ತಿದ್ದ ಮೊದಲ ಮಾತು ಅದು. ಅದನ್ನು ಕೇಳುತ್ತಲೇ ನಾನು ಎಸ್ಸೆಸ್ಸೆಲ್ಸಿ ಓದಿದೆ, ಪಿಯುಸಿ ಓದಿದೆ. ಬಂದವರ ಮುಂದೆಲ್ಲ ಅವ್ವ ಇನ್ನೊಂದು ಮಾತು ಆಡುತ್ತಿದ್ದಳು: "ನನ್ನ ಅರಿಶಿಣ ಗಬ್ಬೂರ ತನಕನರ ತಂತು. ಈತ ನೀರು ಹಾಕಿದ್ರ ಮನಿ ಮುಟ್ಟತಿದ್ವಿ." ಅಪ್ಪ ಅಲ್ಲಿಯೇ ಕುಳಿತು ರೊಟ್ಟಿ ಮುರಿಯುತ್ತಿದ್ದ. ಒಮ್ಮೊಮ್ಮೆ ಅಪ್ಪ ಊಟದ ನಡುವೆ ತಲೆಯೆತ್ತಿ ನನ್ನನ್ನು ನೋಡುತ್ತಿದ್ದ, ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ನಾನು ಬಿ.ಎಸ್ಸಿ. ಪಾಸಾದೆ. ನಮ್ಮ ವಂಶದಲ್ಲಿ, ನಮ್ಮ ಓಣಿಯಲ್ಲಿ ಮೊದಲ ಪದವಿ ನನ್ನದು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಅದನ್ನು ನನಗೆ ತಾಟಿನಲ್ಲಿ ಇಟ್ಟು ಕೊಡಲಿಲ್ಲ. ಫಲಿತಾಂಶ ಬಂದ ದಿನ ಅಪ್ಪ ತಾಡಪತ್ರಿ ತೆಗೆದು, ಕಾರು ಒರೆಸಿ, ನನ್ನನ್ನು ಕೂರಿಸಿಕೊಂಡು ಊರೆಲ್ಲ ಒಂದು ಸುತ್ತು ಹಾಕಿದ. ಸ್ಟ್ಯಾಂಡಿನ ಮುಂದೆಯೂ ಹೋದ. ಅಲ್ಲಿ ಯಾರೋ ಹಳಬ ನೀರಿನ ಮಾತು ಕೂಗಿದ. ಆಗ ನನಗೆ ತಡೆಯಲಾಗಲಿಲ್ಲ.

"ಇವತ್ತು ಮನಿಗೆ ಹೋಗಿ ಅವ್ವಗ ಖರೇ ಹೇಳಿಬಿಡತೀನಿ ಯಪ್ಪಾ. ಎಷ್ಟಂತ ಕೇಳಸ್ಕೋತಿ?"

ಅಪ್ಪ ಗೇರು ಬದಲಿಸಿದ. ಸೂಜಿಯ ಕಡೆ ಒಮ್ಮೆ ನೋಡಿದ.

"ಅದಕ್ಕೇನು ನಿನ್ನ ಓದಿಸಿದ್ದು? ಆಕಿ ನನಗ ಬೈಕೋತ ಬದುಕ್ಯಾಳ. ಬೈಯಾಕ ನಾ ಇಲ್ಲಂದ್ರ ತನಗ ತಾನ ಬೈಕೋತಾಳ. ಅದನ್ನ ತಡ್ಕೊಳ್ಳೊ ತಾಕತ್ತು ಆಕಿಗಿಲ್ಲ. ನನಗದ."

ಅಪ್ಪ ತೀರಿಕೊಂಡ ದಿನ ಅವನ ಬಾಯಿಗೆ ಕೊನೆಯ ನೀರು ಬಿಟ್ಟವಳು ಅವ್ವ. ಯಾರೋ ಸವಳು ನೀರಿನ ತಂಬಿಗೆ ತಂದರೆ ಅದನ್ನು ತಳ್ಳಿ, ದೇವರ ಗೂಡಿನ ಕೆಳಗಿನ ತಾಮ್ರದ ಕೊಡದಿಂದ ತಂದು ಬಿಟ್ಟಳು. ಬೈಯುತ್ತಲೇ ಬಿಟ್ಟಳು.

ಈಗ ನಾನು ಮಾನ್ವಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬಿಸಿ ನೀರು ಮೇಲೇರುವುದು, ತಂಪು ನೀರು ಕೆಳಗಿಳಿಯುವುದು, ದಾರಿ ಕಟ್ಟಿದರೆ ಎರಡೂ ನಿಲ್ಲುವುದು, ಇದೆಲ್ಲ ನನ್ನ ಪಾಠದಲ್ಲಿದೆ. ಮನೆಯನ್ನು ಒಡೆದು ಕಟ್ಟಿಸಿದೆ, ಅಂಗಳದ ಫರಸಿಯನ್ನು ಮಾತ್ರ ಕೀಳಿಸಲಿಲ್ಲ. ಕಾರು ಅದರ ಮೇಲೆಯೇ ನಿಂತಿದೆ. ಮದುವೆಯ ಮುಂಚೆ ಫೋಟೊ ತೆಗೆಸುವ ಹುಡುಗ ಹುಡುಗಿಯರು ಬಂದು ಅದಕ್ಕೆ ಒರಗಿ ನಿಲ್ಲುತ್ತಾರೆ. ಈ ಬೇಸಿಗೆಯಲ್ಲಿ ಅಪ್ಪ ಹಾಕಿದ ರೇಡಿಯೇಟರೂ ಸೋರಲು ಶುರುವಾಯಿತು. ಇನ್ನೊಂದನ್ನು ತರಿಸಿ, ರಜೆಯ ದಿನ ನಾನೇ ಬಿಚ್ಚಲು ಕುಳಿತೆ. ಕೆಳಗಿನ ಪೈಪಿನ ಪಟ್ಟಿಗೆ ಈಗ ನನ್ನ ಕೈಯೂ ಹೋಗುವುದಿಲ್ಲ. ಕೆಳಗೆ ಮಲಗಿಯೇ ಬಿಚ್ಚಿದೆ. ಹಳೆಯದನ್ನು ಫರಸಿಯ ಮೇಲೆ ಬೋರಲು ಹಾಕಿದಾಗ ಬಂದದ್ದು ಬರೀ ನೀರು. ತಿಳಿ ನೀರು. ಇಷ್ಟು ವರ್ಷ ಅದರೊಳಗೆ ಒಂದು ಚೂರು ಕಲ್ಲು ಕಟ್ಟದಂತೆ ಅಪ್ಪ ನೋಡಿಕೊಂಡಿದ್ದ. ಆ ನೀರು ಕಪ್ಪು ಕಲೆಯ ಮೇಲೆ ಹರಿದು ಗಟಾರಕ್ಕೆ ಹೋಯಿತು.

ಅವ್ವ ಹೊರಸಿನ ಮೇಲೆ ಕುಳಿತು ನೋಡುತ್ತಿದ್ದಳು. ಅವಳ ಕಣ್ಣು ಈಗ ಮಂದ, ನಾಲಿಗೆ ಹಾಗೆಯೇ ಇದೆ.

"ಆ ಕರೀ ಕಲಿ ಇನ್ನೂ ಹೋಗಿಲ್ಲಲ್ಲ ಬೇ. ನಿಮ್ಮಪ್ಪನ ಕೆಲಸ. ಅಂಗಳ ಹಾಳು ಮಾಡಿ ಹೋದ."

"ಹೂಂ ಯವ್ವಾ."

ಸಂಜೆ ಕೈ ತೊಳೆದುಕೊಂಡು ಇದನ್ನು ಬರೆಯಲು ಕುಳಿತೆ. ಸೀಮೆಎಣ್ಣೆಯಿಂದ ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಅವ್ವ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಅವಳಿಗೆ ಓದು ಬಾರದು. ಹಾಳೆಯ ಮೇಲೆ ಬೆರಳಾಡಿಸಿದಳು.

"ಏನ್ ಬರಿಯಾಕತ್ತಿ?"

"ಅಪ್ಪನ ಗಾಡೀದು."

"ನೀರು ಹಾಕೋದು ಮರ್ತಿದ್ದು ಬರದೀ?"

"ಬರದೀನಿ ಯವ್ವಾ."

"ನಾ ಅರಿಶಿಣ ಹಾಕಿದ್ದು?"

"ಅದನ್ನೂ ಬರದೀನಿ."

ಅವ್ವ ಸಮಾಧಾನದಿಂದ ಗೋಡೆಗೆ ಒರಗಿದಳು.

"ಛಲೋ ಆತು," ಅಂದಳು. "ಓದೋರಿಗೆ ತಿಳೀಲಿ."